ದೊಡ್ಡ ಕಡತದಲ್ಲಿ ನಿಂತಿದ್ದವರು

ಯಂತ್ರಮನೆ, ಕಪ್ಪತಗುಡ್ಡ
೨೧೩೧, ಆಷಾಢದ ನಲವತ್ತೊಂದನೆಯ ದಿನ

ನಿಮ್ಮ ಪಂಚಾಂಗದಲ್ಲಿ ಇಂಥ ದಿನ ಸಿಗುವುದಿಲ್ಲ. ನಮ್ಮಲ್ಲಿ ಗಾಳಿ ನಿಲ್ಲುವವರೆಗೆ ಆಷಾಢ ಮುಗಿಯುವುದಿಲ್ಲ. ಈ ಪತ್ರದಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬರುತ್ತವೆ, ಅದಕ್ಕೆ ಕ್ಷಮೆ ಕೇಳುತ್ತೇನೆ. ಉಳಿದ ಯಾವ ಮಾತಿಗೂ ಕೇಳುವುದಿಲ್ಲ.

ನಾನು ಬರೆಯುತ್ತಿರುವುದು, ನೂರು ವರ್ಷಗಳ ಹಿಂದೆ ಕಂಪ್ಯೂಟರ್‌ಗಳ ವೇಗ ಅಳೆಯಲು ಒಂದು ಸ್ಕ್ರಿಪ್ಟ್ ಬರೆದ ನಿಮಗೆ. ನಿಮ್ಮ ಹೆಸರನ್ನು ನೀವು ಅದರಲ್ಲಿ ಬರೆದಿಲ್ಲ. ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆಯನ್ನು ನಾವು ಹಿಂಗಾಳಿ ಎನ್ನುತ್ತೇವೆ. ಅದರಲ್ಲಿ ಒಬ್ಬರಿಗೆ ಜೀವಮಾನಕ್ಕೆ ಒಂದೇ ಪತ್ರ. ಎಲ್ಲರೂ ಅದನ್ನು ತೀರಿಕೊಂಡ ಅಜ್ಜಿಗೋ ಅಪ್ಪನಿಗೋ ಬರೆಯುತ್ತಾರೆ. ನನ್ನದನ್ನು ನಿಮಗಾಗಿ ಖರ್ಚು ಮಾಡುತ್ತಿದ್ದೇನೆ. ಎದುರು ನಿಂತು ಬೈಯಲು ನನಗೆ ಬರುವುದಿಲ್ಲ, ಅದು ನಿಮ್ಮ ಪುಣ್ಯ.

ನಮಗೆ ಇರುವುದು ಗಾಳಿಯ ವಿದ್ಯುತ್ ಮಾತ್ರ. ಯಂತ್ರಮನೆಯಲ್ಲಿ ಮೂವತ್ತೊಂದು ಕಂಪ್ಯೂಟರ್‌ಗಳಿವೆ. ಊರಿನ ನೀರಿನ ಪಾಲು, ಆಸ್ಪತ್ರೆಯ ಔಷಧದ ಅಳತೆ ಎಲ್ಲವೂ ಅವುಗಳ ಕೆಲಸ. ಎಲ್ಲವನ್ನೂ ಒಟ್ಟಿಗೆ ನಡೆಸುವಷ್ಟು ಗಾಳಿ ಬೀಸುವುದಿಲ್ಲವಾದ್ದರಿಂದ ವೇಗವಾದದ್ದಕ್ಕೆ ಮೊದಲು ವಿದ್ಯುತ್. ವೇಗ ತಿಳಿಯಲು ಆಷಾಢದ ಮೊದಲ ದಿನ ‘ಓಟ’ ನಡೆಯುತ್ತದೆ. ಒಂದು ಭಾರೀ ಚಿತ್ರವನ್ನು ಪ್ರತಿ ಯಂತ್ರಕ್ಕೂ ಸರದಿಯ ಮೇಲೆ ಕೊಟ್ಟು, ನಿಮ್ಮ ಸ್ಕ್ರಿಪ್ಟಿನಲ್ಲಿರುವ ಒಂಬತ್ತು ಕೆಲಸಗಳನ್ನು ಮಾಡಿಸುತ್ತಾರೆ. ತೆರೆಯುವುದು, ಹಿಗ್ಗಿಸಿ ಕುಗ್ಗಿಸುವುದು, ತಿರುಗಿಸುವುದು, ಚುಕ್ಕೆ ತೆಗೆಯುವುದು, ಮಸುಕು ಮಾಡುವುದು, ಮತ್ತೆ ಚೂಪು ಮಾಡುವುದು, ಬಣ್ಣ ಬದಲಿಸುವುದು, ಲೇಯರ್‌ಗಳನ್ನು ಕೂಡಿಸುವುದು, ಕೊನೆಗೆ ಸೇವ್ ಮಾಡುವುದು. ಪ್ರತಿ ಕೆಲಸದ ಸೆಕೆಂಡುಗಳನ್ನು ಗೋಡೆಯ ಮೇಲೆ ಬರೆಯುತ್ತಾರೆ. ಊರವರೆಲ್ಲ ಗಿರ್ಮಿಟ್ ತಿನ್ನುತ್ತ ನೋಡುತ್ತಾರೆ. ತಡವಾದ ಯಂತ್ರದವರನ್ನು “ನಿಮ್ಮದಕ್ಕ ಮುಂಜಾನೆ ಹೊಟ್ಟು ಹಾಕಿಲ್ಲೇನ್ರೀ?” ಎಂದು ಕಾಡುತ್ತಾರೆ. ಕಡೆಯ ಸರದಿ ಸಿಕ್ಕಿದ ಯಂತ್ರಕ್ಕೆ ಅದೃಷ್ಟ ಎಂಬ ನಂಬಿಕೆಯೂ ಇದೆ. ಅದಕ್ಕಾಗಿ ಪ್ರತಿ ವರ್ಷ ಜಗಳವಾಗುತ್ತದೆ.

ಸಾಹಿತ್ಯ ಓದಿದವರಿಗೆ ಇಲ್ಲಿ ಸಿಗುವ ಕೆಲಸ ವಿವರಗಾರಿಕೆ. ಸಂಗ್ರಹದಲ್ಲಿರುವ ಒಂದೊಂದು ಹಳೆಯ ಚಿತ್ರಕ್ಕೂ ಅದು ಯಾರದು, ಎಲ್ಲಿಯದು ಎಂದು ಒಂದು ಸಾಲು ಬರೆಯುವುದು. ಓಟದ ಚಿತ್ರಕ್ಕೆ ಯಾರೂ ಸಾಲು ಬರೆದಿರಲಿಲ್ಲ. ಅದರ ಹೆಸರು ‘ದೊಡ್ಡ ಕಡತ’ ಎಂದಷ್ಟೇ ಇತ್ತು. ಓಟದಲ್ಲಿ ಚಿತ್ರವನ್ನು ಪರದೆಗೆ ತರುವುದಿಲ್ಲ, ತಂದರೆ ಸಮಯ ವ್ಯರ್ಥ.

ಹೋದ ಚಳಿಗಾಲದಲ್ಲಿ ಒಂದು ಕಾಗದದ ಪೆಟ್ಟಿಗೆಯಲ್ಲಿ ರಸೂಲ್ ಮಕಾನದಾರ ಎಂಬ ಫೋಟೋಗ್ರಾಫರರ ಟಿಪ್ಪಣಿ ಸಿಕ್ಕಿತು. ೨೦೪೧ರಲ್ಲಿ ಹಗ್ಗದ ಓಣಿಯ ಮುನ್ನೂರ ಹನ್ನೆರಡು ಜನ ಗಾಳಿಕಂಬಗಳಿಗೆ ಜಾಗ ಬಿಟ್ಟು ಹೊರಟ ಬೆಳಿಗ್ಗೆ, ಅವರು ನೀರಿನ ಟಾಕಿಯ ಮೇಲೆ ನಿಂತು ನಾಲ್ಕುನೂರು ಫೋಟೋ ತೆಗೆದು, ಎಲ್ಲವನ್ನೂ ಹೊಲಿದು ಒಂದೇ ಚಿತ್ರ ಮಾಡಿದ್ದರು. “ಹತ್ತಿರ ಎಳೆದು ನೋಡಿದರೆ ಬಳೆ ಎಣಿಸಬಹುದು” ಎಂದು ಬರೆದಿದ್ದರು. ಯಾರು ಎಲ್ಲಿ, ಯಾವ ಬಟ್ಟೆಯಲ್ಲಿ ನಿಂತಿದ್ದರೆಂಬ ಪಟ್ಟಿಯೂ ಇತ್ತು. ಕೆಳಗೆ ಕಡತದ ಸಂಖ್ಯೆ ಇತ್ತು. ಅದು ನಮ್ಮ ದೊಡ್ಡ ಕಡತದ್ದೇ.

ಸಂತೋಷದಲ್ಲಿ ನಾನೊಂದು ತಪ್ಪು ಮಾಡಿದೆ. ಚಿತ್ರ ತೆರೆದು ನೋಡುವ ಮೊದಲೇ ನೀಲಗಂಗವ್ವನ ಮನೆಗೆ ಹೋದೆ. ಅವರಿಗೆ ಎಂಬತ್ನಾಲ್ಕು ವರ್ಷ. ಅವರನ್ನು ಹೆತ್ತ ದಿನವೇ ತಾಯಿ ತೀರಿಕೊಂಡರು. ತಾಯಿಯದು ಹಗ್ಗದ ಓಣಿ. ಅವರ ಮುಖ ಇರುವ ಒಂದು ಚಿತ್ರವೂ ಮನೆಯಲ್ಲಿಲ್ಲ.

“ಖರೇನೇ ಇದ್ದಾಳೇನ ಅದರಾಗ?” ಎಂದು ಮೂರು ಸಲ ಕೇಳಿದರು.

“ಎಡಗಡೆ ಮೂರನೇ ಸಾಲಿನ್ಯಾಗ ಅಂತ ಬರದಾರ, ಆಯಿ. ಹಸಿರು ಲಂಗ ಅಂತ” ಎಂದೆ.

ಅಂಥ ಚಿತ್ರ ತೆರೆಯಲು ಬಹಳ ಗಾಳಿ ಬೇಕು. ಆದ್ದರಿಂದ ಆಷಾಢದ ಮೂವತ್ತೆಂಟನೆಯ ದಿನವನ್ನು ಗೊತ್ತುಮಾಡಿದರು. ಅಲ್ಲಿಯವರೆಗೆ ನಾನು ಸುಮ್ಮನೆ ಕೂರದೆ, ಚಿತ್ರದ ಚರಿತ್ರೆ ಬರೆಯೋಣವೆಂದು ಓಟದ ಹಳೆಯ ಅಂಕಿಗಳನ್ನು ನಕಲು ಮಾಡತೊಡಗಿದೆ. ಈ ವರ್ಷದ ಓಟವೂ ಸೇರಿ ಇಪ್ಪತ್ತಾರು ವರ್ಷಗಳ ಪಟ್ಟಿ. ಎಂಟು ಕೆಲಸಗಳ ಸಮಯ, ಯಂತ್ರ ಹಳತಾದಂತೆ ಸ್ವಲ್ಪ ಸ್ವಲ್ಪ ಹೆಚ್ಚಿತ್ತು. ಒಂಬತ್ತನೆಯದು ಮಾತ್ರ ಎಲ್ಲ ಯಂತ್ರಗಳಲ್ಲೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದಿತ್ತು. ಗುಂಡ ಎಂದು ಕರೆಯುವ ಅತಿ ಹಳೆಯ ಯಂತ್ರ ಕೂಡ, ಮೊದಲ ಓಟದಲ್ಲಿ ಸೇವ್ ಮಾಡಲು ಎಂಬತ್ತು ಸೆಕೆಂಡು ತೆಗೆದುಕೊಂಡದ್ದು, ಈಗ ಹತ್ತೊಂಬತ್ತಕ್ಕೆ ಮುಗಿಸುತ್ತಿತ್ತು. ಜನ ಅದಕ್ಕೆ ಹಾರ ಹಾಕಿದ್ದರು.

ವಿವರ ತುಂಬಿದ ಚಿತ್ರವನ್ನು ಅಡಕ ಮಾಡಿ ಇಡಲು ಯಂತ್ರ ತಿಣುಕುತ್ತದೆ. ಬರಿಯ ಮಂಜನ್ನು ಇಡಲು ಅದಕ್ಕೆ ಏನು ಕಷ್ಟ? ವೇಗವಾಗಿದ್ದು ಯಂತ್ರವಲ್ಲ, ಖಾಲಿಯಾಗಿದ್ದು ಚಿತ್ರ. ಕಡೆಯ ಸರದಿಯ ಅದೃಷ್ಟವೂ ಅದೇ. ಮೂವತ್ತು ಯಂತ್ರಗಳು ಆಗಲೇ ತಿಕ್ಕಿ ತೆಳುವಾಗಿಸಿದ್ದು ಮೂವತ್ತೊಂದನೆಯದಕ್ಕೆ ಸಿಗುತ್ತಿತ್ತು.

ಆಗ ನಾನು ನಿಮ್ಮ ಸ್ಕ್ರಿಪ್ಟನ್ನು ತೆರೆದೆ. ಕೊನೆಯ ಸಾಲಿನ ಪಕ್ಕದಲ್ಲಿ ನೀವು ಬರೆದದ್ದು ಹಾಗೇ ಇದೆ: “ಯಾವ ಚಿತ್ರವಾದರೂ ಸರಿ, ದೊಡ್ಡದಿದ್ದರೆ ಸಾಕು. ಡಿಸ್ಕ್ ತುಂಬದಿರಲೆಂದು ಅದರ ಮೇಲೆಯೇ ಸೇವ್ ಮಾಡಿದ್ದೇನೆ.”

ಯಾವ ಚಿತ್ರವಾದರೂ ಸರಿ! ನಿಮ್ಮ ಬಳಿ ಬೇಕಾದಷ್ಟು ನಕಲುಗಳಿದ್ದವು. ನಮ್ಮಲ್ಲಿ ಜಾಗವಿಲ್ಲದೆ ಒಂದು ಚಿತ್ರಕ್ಕೆ ಒಂದೇ ಪ್ರತಿ ಎಂಬ ಕಾನೂನಿದೆ. ಎಂಟುನೂರ ಆರು ಸಲ ಅದನ್ನು ಮಸುಕು ಮಾಡಿ, ಚೂಪು ಮಾಡಿ, ಅದರ ಮೇಲೆಯೇ ಬರೆದೆವು. ಮುಖವಿದ್ದರೂ ಕೆಸರಿದ್ದರೂ ಮಸುಕು ಮಾಡಲು ಯಂತ್ರಕ್ಕೆ ಹಿಡಿಯುವ ಸಮಯ ಒಂದೇ ಆದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ನಮ್ಮವರು ಮೂರ್ಖರು, ಒಪ್ಪುತ್ತೇನೆ. ಆದರೆ ನೋಡದೆ ಓಡಿಸುವ ಪದ್ಧತಿಯನ್ನು ಅವರು ಕಲಿತದ್ದು ನಿಮ್ಮಿಂದ.

ಗೊತ್ತಾದ ಮೇಲೂ ನನಗೆ ನೀಲಗಂಗವ್ವನಿಗೆ ಹೇಳಲಾಗಲಿಲ್ಲ. ಮೂರು ದಿನದ ಹಿಂದೆ ಅವರು ಹೊಸ ಸೀರೆ ಉಟ್ಟು ಬಂದರು. ಯಂತ್ರಮನೆಯ ಹಿರಿಯ ದ್ಯಾಮಣ್ಣ ಚಿತ್ರವನ್ನು ಗೋಡೆಯ ತುಂಬ ತೆರೆದರು. ಕಂದು ಬಣ್ಣದ ಅಲೆಗಳು, ಅಲ್ಲಲ್ಲಿ ಬಿಳಿಯ ಗೆರೆಗಳು.

“ಹೊಗಿ ಹಾಕೀರೇನ್ ಇದಕ್ಕ?” ಎಂದರು ನೀಲಗಂಗವ್ವ. ಎಡಗಡೆ ಹೋಗಿ ಮೂರನೆಯ ಸಾಲಿಗಾಗಿ ಬೆರಳಿನಿಂದ ತಡಕಿದರು. “ಎಲ್ಲೈತಿ ಹಸಿರು?”

“ಇಲ್ಲ ಆಯಿ” ಎಂದೆ. ಇನ್ನೊಮ್ಮೆ ಹೇಳಬೇಕಾಯಿತು.

ದ್ಯಾಮಣ್ಣ ತಲೆ ತಗ್ಗಿಸಿ, “ಬೇಕಂತ ಮಾಡಿಲ್ಲ ಆಯಿ. ಯಂತ್ರ ಎಷ್ಟು ಜೋರ ಓಡತಾವ ಅಂತ ನೋಡಾಕ...” ಎಂದರು.

“ಯಾವುದು ಗೆದ್ದತಪಾ?”

“ಈ ವರ್ಷ... ಏಳನೇದು.”

“ಅದನ್ನ ಕೇಳು. ನಮ್ಮವ್ವನ ಮಾರಿ ತಿಂದದ್ದು ಅರಗೇತೇನ ಅಂತ ಕೇಳು.”

ನೀಲಗಂಗವ್ವ ಹೊರಟುಹೋದರು. ದ್ಯಾಮಣ್ಣ ಗೋಡೆಯ ಮುಂದೆಯೇ ನಿಂತು, “ಬರೂ ವರ್ಷ ಬ್ಯಾರೆ ಚಿತ್ರ ಕೊಟ್ರ ಹಳೇ ಅಂಕಿ ಜೋಡಿ ತಾಳೆ ಆಗೂದಿಲ್ಲಲ್ಲ ತಂಗಿ” ಎಂದರು. ಅವರು ಕೆಟ್ಟವರಲ್ಲ. ನಿಮ್ಮಂತೆಯೇ ಸೆಕೆಂಡು ಎಣಿಸುವವರು.

ನಿಮ್ಮನ್ನು ಬೇಡಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ. ಆ ಕೊನೆಯ ಸಾಲನ್ನು ಅಳಿಸಿ. ನಕಲು ಮಾಡಿ, ನಕಲನ್ನು ಓಡಿಸಿ, ಮುಗಿದ ಮೇಲೆ ನಕಲನ್ನು ಎಸೆಯಿರಿ. ಎರಡು ನಿಮಿಷದ ಕೆಲಸ. ನೀವು ಅದನ್ನು ಮಾಡಿದ್ದರೆ ನೀಲಗಂಗವ್ವ ತಾಯಿಯ ಮುಖ ನೋಡಿ ಮನೆಗೆ ಹೋಗುತ್ತಿದ್ದರು, ನಾನು ಈ ಪತ್ರವನ್ನು ಬರೆಯುತ್ತಲೇ ಇರಲಿಲ್ಲ.

ಪತ್ರ ನಿಮ್ಮ ಕೈಯಲ್ಲಿದೆ. ಅಂದರೆ ನೀವು ಇನ್ನೂ ತಿದ್ದಿಲ್ಲ.

ಕಸ್ತೂರಿ ಡಂಬಳ, ವಿವರಗಾರ್ತಿ