ಏಳು ಹೊದಿಕೆಯ ತೊಟ್ಟಿಲು

ಮರ್ಗಿಲಾನ್, ಮಾರ್ಚ್ ೧೪

ಓಯ್ದಿನಳ ಅಪ್ಪನಿಗೆ ಸಲಾಮುಗಳು,

ಹೇಗಿದ್ದೀರಿ? ಸೊಂಟನೋವು ಕಡಿಮೆಯಾಯಿತೇ? ಆ ರಷ್ಯಾದ ಚಳಿಯಲ್ಲಿ ಇಟ್ಟಿಗೆ ಹೊರುವಾಗ ಟೊಪ್ಪಿ ಹಾಕಿಕೊಳ್ಳಿ, ಸೊಗಸುಗಾರಿಕೆ ಆಮೇಲೆ. ಮಗಳು ಥೇಟ್ ನಿಮ್ಮ ಹಾಗೆ, ಹೊಟ್ಟೆ ತುಂಬಿದರೆ ಊರೇ ಮುಳುಗಿದರೂ ಏಳುವುದಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಅತ್ತೆ ಪಕ್ಕದಲ್ಲೇ ಕೂತಿರುತ್ತಾರೆ. ಅದಕ್ಕೇ ಈ ಪತ್ರ. ಅಲ್ಲಿಗೇ ಹೊರಟಿರುವ ಪಕ್ಕದ ಮನೆಯ ಗೈರತ್ ಅಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ.

ವಿಷಯ ತೊಟ್ಟಿಲಿನದು. ಪದ್ಧತಿಯಂತೆ ನನ್ನ ತವರಿನವರು ತೊಟ್ಟಿಲು, ಕೈಕಾಲು ಕಟ್ಟುವ ಪಟ್ಟಿ, ಮೇಲೆ ಹಾಕಲು ಏಳು ಹೊದಿಕೆ ತಂದರಲ್ಲ. ಮಖಮಲ್ಲಿನದೇ ಮೂರು! ಮಗು ನೋಡಲು ಬಂದ ನರ್ಸಮ್ಮ ಗದರಿದರು: "ಉಸಿರಾಡೋದು ಬೇಡ್ವೇನಮ್ಮಾ ಕೂಸು? ಮುಖದ ಮೇಲೆ ಕರ್ಚೀಫೂ ಬೀಳಬಾರ್ದು. ದಿಂಬೂ ಬೇಡ." ಅಂದೇ ಎಲ್ಲ ತೆಗೆದು ಪೆಟ್ಟಿಗೆಗೆ ಹಾಕಿದೆ. ಚಹಾ ಇಳಿಸಿ ಬರುವಷ್ಟರಲ್ಲಿ ಏಳೂ ಮತ್ತೆ ತೊಟ್ಟಿಲ ಮೇಲೆ, ಅಂಚಿಗೆ ಅಂಚು ಕೂಡಿಸಿ. ಮನೆಯಲ್ಲಿರುವುದು ನಾನು, ಅತ್ತೆ ಇಬ್ಬರೇ. ಹೊಸ ಸೊಸೆ ಬಾಯಿ ಬಿಟ್ಟರೆ ಬಜಾರಿ ಅನ್ನುತ್ತಾರೆ, ಹಲ್ಲು ಕಚ್ಚಿಕೊಂಡು ತೆಗೆದೆ. ದಿನಾ ಇದೇ ಆಟ. ಅತ್ತೆಯೂ ಮಾತಾಡುವುದಿಲ್ಲ, ನನ್ನನ್ನೇ ದುರುಗುಟ್ಟಿ ನೋಡುತ್ತಾರೆ.

ನಿನ್ನೆ ಮಧ್ಯಾಹ್ನ ಅಂಗಳದಲ್ಲಿ ಮಗುವಿಗೆ ಹಾಲು ಕುಡಿಸುತ್ತಿದ್ದೆ. ಒಳಗೆ ಕಿರ್ರ್, ಕಿರ್ರ್. ಖಾಲಿ ತೊಟ್ಟಿಲು ತೂಗಬಾರದೆಂದು ಬುದ್ಧಿ ಹೇಳುವ ಹಿರಿಯರೇ ತೂಗುತ್ತಿದ್ದಾರಲ್ಲ ಎಂದು ಸಿಟ್ಟು ಬಂತು. ಹೋಗಿ ನೋಡಿದರೆ ಯಾರೂ ಇಲ್ಲ. ಹೊದಿಕೆ ಎತ್ತಿದೆ. ಬರಿಯ ಹಾಸಿಗೆಯ ಮೇಲೆ ಪಟ್ಟಿಗಳನ್ನು ಬಿಗಿದು ಕಟ್ಟಿತ್ತು, ಒಳಗೆ ಯಾರೋ ಮಲಗಿರುವ ಹಾಗೆ. ಅತ್ತೆ ಹಿಂಬಾಗಿಲಿಂದ ಹೋಗಿರಬೇಕು ಅಂದುಕೊಂಡೆ. ದಯವಿಟ್ಟು ನಿಮ್ಮಮ್ಮನಿಗೆ ನೀವೇ ಹೇಳಿ. ಮಗುವಿನ ಪ್ರಾಣದ ಮಾತು, ಹುಡುಗಾಟವಲ್ಲ.

ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿಮ್ಮ
ಮಾಹ್ಲಿಯೋ

ತಾ.ಕ.: ಗೈರತ್ ಅಣ್ಣ ಬಾಗಿಲಲ್ಲಿ ಹಾರನ್ ಹೊಡೆಯುತ್ತಿದ್ದಾರೆ. ಪತ್ರ ಮುಗಿಸಿ, ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಅಡುಗೆಮನೆಗೆ ಹೋದವಳು, ತಡೆಯಲಾರದೆ ಅತ್ತೆಯನ್ನು ಕೇಳಿಯೇಬಿಟ್ಟೆ. ಅವರ ಮುಖ ಬಿಳಿಚಿಕೊಂಡಿತು. "ನಾನೆಲ್ಲಿ ಹೊದಿಸ್ತೀನೇ? ನನ್ನ ಚೊಚ್ಚಲ ಕೂಸು ಹೊದಿಕೆ ಅಡಿಲೇ ಉಸಿರುಕಟ್ಟಿ ಹೋಯ್ತು. ಆಮೇಲೆ ನಿನ್ನ ಗಂಡನ ತೊಟ್ಟಿಲಿಗೂ ಒಂದು ಚೂರು ಬಟ್ಟೆ ಹಾಕಿಲ್ಲ. ನೀನೇ ಹಾಕ್ತೀಯ ಅಂದ್ಕೊಂಡಿದ್ದೆ, ತವರಿನ ಬಟ್ಟೆ ಬೇಡ ಅಂದ್ರೆ ಸೊಸೆ ನೊಂದ್ಕೋತಾಳೆ ಅಂತ ಬಾಯಿ ಮುಚ್ಕೊಂಡಿದ್ದೆ." ಅವರು ನನ್ನೆದುರಿಗೇ ನಿಂತಿದ್ದರು. ಆಗ ಒಳಗೆ ಕಿರ್ರ್ ಅಂದಿತು. ಇಬ್ಬರೂ ಓಡಿದೆವು. ಏಳೂ ಹೊದಿಕೆ ಕಿತ್ತೆಸೆದು ಎತ್ತಿಕೊಂಡಾಗ ಓಯ್ದಿನಳ ತುಟಿ ನೀಲಿಯಾಗಿತ್ತು. ಅತ್ತಳು, ಈಗ ಹಾಲು ಕುಡಿಯುತ್ತಿದ್ದಾಳೆ. ಕೆಲಸ ಬಿಟ್ಟು ಬನ್ನಿ. ನೀವು ಬರುವ ತನಕ ನಾವಿಬ್ಬರೂ ಇವಳನ್ನು ಕೆಳಗಿಳಿಸುವುದಿಲ್ಲ.