ನಾಲ್ಕು ಕೈಗಳ ಫೋಟೋ

ಮುಲುಂಡ್, ಮಂಗಳವಾರ

ಅಕ್ಕನಿಗೆ ತಂಗಿ ಶೀಲಾವತಿಯ ನಮಸ್ಕಾರ.

ನಾನು ನಿನ್ನ ಮೊಬೈಲಿಗೆ ಕಳಿಸಿದ ಫೋಟೋಗೆ ಕಟ್ಟು ಹಾಕಿಸಿ ದೇವರ ಕೋಣೆಯಲ್ಲಿ ಇಟ್ಟಿದ್ದೀ ಎಂದು ಕೇಳಿ ಎದೆ ಧಸಕ್ಕೆಂದಿತು. ಕುಂಕುಮ ಕಲಸಿದಂಥ ಆಕಾಶ, ಅದರ ಕೆಳಗೆ ನಾಲ್ಕು ಕೈಗಳ ನಾನು. ಅದು ದೇವಿಯ ಮಹಿಮೆಯಲ್ಲ, ನನ್ನ ಪೆದ್ದುತನ.

ತಮ್ಮನ ಮಗಳು ಯಕ್ಷಿತಾ ಬಿಲ್ಡಿಂಗಿನ ಟೆರೇಸಿನಲ್ಲಿ ಕ್ಯಾಮೆರಾ ನಿಲ್ಲಿಸಿದ್ದಳು. ನಾನು ಸರಿಯಾಗಿ ನಡುವೆ ಹೋಗಿ ನಿಂತೆ. "ಅತ್ತೆ, ಸೈಡಿಗೆ ಬನ್ನಿ. ಮೇನ್ ಆಕಾಶ, ನೀವಲ್ಲ! ಮೂರು ಸಲ ಕ್ಲಿಕ್ ಆಗ್ತದೆ, ಬಿಲ್ಕುಲ್ ಅಲ್ಲಾಡ್ಬೇಡಿ ಹಾಂ" ಎಂದಳು. ಮಬ್ಬಿನದೊಂದು, ಬೆಳಕಿನದೊಂದು, ಸಾಧಾರಣದ್ದೊಂದು ತೆಗೆದು ಮೂರನ್ನೂ ಸೇರಿಸಿದರೆ ಆಕಾಶಕ್ಕೆ ಆ ಬಣ್ಣ ಬರುತ್ತದಂತೆ. ಸೈಡಿಗೆ ಸರಿದು ಓರೆಯಾಗಿ ನಿಂತೆ, ಆದರೆ ಗುಡ್ಡದ ಹಿಂದೆ ಮುಳುಗುವ ಸೂರ್ಯದೇವರನ್ನು ಕಂಡು ಸುಮ್ಮನೆ ನಿಲ್ಲುವುದು ನನ್ನಿಂದಾಗುತ್ತದೆಯೇ? ಎರಡನೇ ಕ್ಲಿಕ್ಕಿಗೆ ಕೈ ಮುಗಿದೆ. ಇಳಿಬಿಟ್ಟ ಕೈ ಎರಡು, ಮುಗಿದ ಕೈ ಎರಡು, ಎಲ್ಲವೂ ಒಂದೇ ಫೋಟೋದಲ್ಲಿ ಕೂತವು.

ಇದು ತಿಳಿಯದೆ, ದೇವಿಯ ಮಹಿಮೆಯೆಂದೇ ನಂಬಿ ನಿನಗೆ ಕಳಿಸಿ, ಮರುದಿನ ಉಪವಾಸವನ್ನೂ ಮಾಡಿದೆ. ಯಕ್ಷಿತಾ ಬಿದ್ದು ಬಿದ್ದು ನಕ್ಕಳು: "ಅತ್ತೆ, ನಿಮ್ದೇ ಹೆಸರಲ್ಲಿ ಉಪವಾಸವಾ?"

ಫೋನಿನಲ್ಲಿ ಹೇಳಲು ಹೋದರೆ ನೀನು "ಅಮ್ಮಾ ತಾಯೇ" ಎಂದು ಶುರುಮಾಡುತ್ತೀ, ಅದಕ್ಕೇ ಈ ಕಾರ್ಡು. ಪೋಸ್ಟಿನ ಕಾಂತಪ್ಪಣ್ಣ ಮೊದಲೇ ಓದಿ ನಗುವುದಾದರೆ ನಗಲಿ. ಮುಂದಿನ ಶುಕ್ರವಾರ ಭಜನೆಯವರು ಬರುವ ಮೊದಲು ನನ್ನನ್ನು ದೇವರ ಕೋಣೆಯಿಂದ ಇಳಿಸು.

ಲಿಫ್ಟ್ ಇರುವುದರಿಂದ ಮಂಡಿನೋವು ಕಡಿಮೆ. ಚಪಾತಿ ಲಟ್ಟಿಸಲು ಕರೆಯುತ್ತಿದ್ದಾರೆ, ಇರುವ ಎರಡೇ ಕೈ ಹಿಡಿದುಕೊಂಡು ಹೋಗುತ್ತೇನೆ.

ಶೀಲಾ