ಬಾಯಿಗೆ ಅಡ್ಡ ಹಿಡಿದ ಕೈ

ಮಾರ್ಚ್ 3, ಸೋಮವಾರ. ಸಂಜೆ ಆರು

ನಿಘಂಟಿನ ಎರಡನೇ ಸಂಪುಟಕ್ಕೆ ರಟ್ಟು ಹಾಕಿ ಪ್ರೆಸ್ಸಿನಲ್ಲಿಟ್ಟು ಬಂದೆ. ಮೂರನೆಯದರ ಬೆನ್ನು ಪೂರ್ತಿ ಹೋಗಿದೆ, ನಾಳೆ ಹೊಲಿಯಬೇಕು. ಲೈಬ್ರರಿಯವರಿಗೆ ಅವಸರವಂತೆ. ಅವಸರ ಇದ್ದವರು ಹರಿಯುವ ಮೊದಲೇ ತರಬೇಕಿತ್ತು.

ಊಟದ ಹೊತ್ತಿಗೆ ಮೆಸೇಜು. ಅಕ್ಕನ ಮಗಳದು. "ಚಿಕ್ಕಮ್ಮ, ಅಮ್ಮನ ಗಂಟಲಲ್ಲಿ ಗಡ್ಡೆ. ಹನ್ನೆರಡನೇ ತಾರೀಖು ಆಪರೇಷನ್. ಆಮೇಲೆ ಧ್ವನಿ ಬರುತ್ತೋ ಇಲ್ವೋ ಹೇಳಕ್ಕಾಗಲ್ಲ ಅಂದ್ರು ಡಾಕ್ಟ್ರು. ನಾನು ಹೇಳಿದೆ ಅನ್ನಬೇಡಿ. ಒಂದ್ಸಲ ಮಾತಾಡಿ."

ಮೂರು ವರ್ಷ ಆಯಿತು ಅಕ್ಕನ ಧ್ವನಿ ಕೇಳಿ. ಮಾತಿನ ನಡುವೆ ಫೋನ್ ಇಟ್ಟವಳು ಅವಳು. ಒಂದು ಸಲವಲ್ಲ, ನಾಲ್ಕು ಸಲ. ಅಪ್ಪ ತೀರಿಹೋದ ತಿಂಗಳು ಅದು, ಕೆಲಸದ ಜಾಗದಿಂದ ಮಾಡಿದ್ದೆ. ನೀನು ಎರಡು ದಿನ ಮೊದಲೇ ಬರಬಹುದಿತ್ತು ಅಂದೆ — ಕಟ್. ಮತ್ತೆ ಮಾಡಿದೆ. ಅಪ್ಪ ಕೊನೆಗೆ ನಿನ್ನ ಹೆಸರನ್ನೇ... ಅನ್ನುವಷ್ಟರಲ್ಲಿ ಕಟ್. ನಾಲ್ಕನೇ ಸಲಕ್ಕೆ ನಾನೂ ಬಿಟ್ಟೆ, ಅವಳೂ ಬಿಟ್ಟಳು. ಮೂಗಿನ ತುದಿಯಲ್ಲಿ ಕೋಪ, ನಮ್ಮ ಮನೆಯಲ್ಲಿ ಎಲ್ಲರಿಗೂ.

ಮಾರ್ಚ್ 5, ಬುಧವಾರ

ಹೊಲಿಯುತ್ತ ಹೊಲಿಯುತ್ತ ಹಳೆಯ ಫೋನೇ ಕಣ್ಣಮುಂದೆ. ಕಪ್ಪು ಬಣ್ಣದ್ದು. ಐದು ಮನೆಗೆ ಒಂದೇ. ಮೆಟ್ಟಿಲ ಕೆಳಗೆ, ಗೋಡೆಗೆ ಹೊಡೆದ ಹಲಗೆಯ ಮೇಲೆ. ಅದು ಹೊಡೆದುಕೊಂಡರೆ ಐದು ಬಾಗಿಲೂ ಒಟ್ಟಿಗೇ ತೆರೆಯುತ್ತಿದ್ದವು. ಅಪ್ಪನ ಕಟ್ಟಪ್ಪಣೆ — ರಿಸೀವರ್ ಒಂದು ಕೈಯಲ್ಲಿ, ಇನ್ನೊಂದು ಕೈ ಬಾಯಿಗೆ ಅಡ್ಡ, ಅರೆ ಬೊಗಸೆಯ ಹಾಗೆ, ಬಿಗಿಯಾಗಿ. "ಗೋಡೆಗೂ ಕಿವಿ ಇರುತ್ತೆ. ಮನೆ ವಿಷ್ಯ ಮನೇಲೇ ಇರ್ಲಿ." ಕೆಳಗಿನ ಮನೆಯ ಅಜ್ಜಿಯ ಕಿವಿಯಂತೂ ಗೋಡೆಗಿಂತ ಚುರುಕು.

ಅಕ್ಕ ಹಾಸ್ಟೆಲ್ಲಿಗೆ ಹೋದ ಮೇಲೆ ಭಾನುವಾರ ಹತ್ತಕ್ಕೆ ಅವಳ ಫೋನು. ಅಲ್ಲಿ ಅವಳ ಹಿಂದೆ ಹುಡುಗಿಯರ ಸಾಲು, ಇಲ್ಲಿ ನನ್ನ ಹಿಂದೆ ಅಪ್ಪ. ಬಾಯಿಬಿಟ್ಟು ಹೇಳಲಾಗದಿದ್ದರೆ ಎರಡು ಸಲ ಊದುತ್ತಿದ್ದೆವು, ಉಫ್, ಉಫ್. ಅಂದರೆ, ಇದ್ದೀನಿ, ಮಾತಾಡೋ ಹಾಗಿಲ್ಲ, ನೀನೇ ಹೇಳ್ತಾ ಹೋಗು. ಎಷ್ಟು ಭಾನುವಾರ ಅವಳು ಬರೀ ಊದಿದಳೋ, ನಾನು ಏನೆಲ್ಲ ಒದರಿದೆನೋ. ಆ ಮೆಟ್ಟಿಲ ಕೆಳಗಿನ ಧೂಳಿನ ವಾಸನೆ ಈಗ ಸಿಕ್ಕರೂ ಗುರುತು ಹಿಡಿಯುತ್ತೇನೆ.

ಮಾರ್ಚ್ 6, ಗುರುವಾರ. ಮಧ್ಯಾಹ್ನ

ಕೆಲಸದ ಜಾಗದಿಂದಲೇ ಮಾಡಿದೆ. ಎತ್ತಿದಳು. ಧ್ವನಿ ಕರಕರ.

"ಹೇಗಿದ್ದೀಯ ಅಕ್ಕ?"

"ಇದ್ದೀನಿ. ಏನು, ಇವತ್ತು?"

"ಏನಿಲ್ಲ. ನೆನಪಾಯ್ತು."

"ಮೂರು ವರ್ಷಕ್ಕೊಂದ್ಸಲ ನೆನಪಾಗ್ತೀನಾ ನಾನು?"

ಅಲ್ಲ ಅಕ್ಕ, ಮೊದಲು ಕೇಳು ಅಂದೆ. ಕಟ್. ಫೋನು ಕೂಡ ಇಸ್ತ್ರಿಪೆಟ್ಟಿಗೆ ಥರ ಬಿಸಿ, ಅವಳ ಸಿಟ್ಟೆಲ್ಲ ಇದರಲ್ಲೇ ಇಳಿದ ಹಾಗೆ. ಸಾಕು. ಇನ್ನು ಮಾಡಿದರೆ ನನ್ನ ಹೆಸರು ಬದಲಾಯಿಸಿಕೊಳ್ಳುತ್ತೇನೆ.

ಮಾರ್ಚ್ 8, ಶನಿವಾರ. ಸಂಜೆ

ಬ್ಯಾಟರಿ ಹೋಗಿರಬೇಕು ಅಂತ ಮೊಬೈಲ್ ರಿಪೇರಿಗೆ ಹೋಗಿದ್ದೆ. ಅಂಗಡಿಯವಳು ಕಿವಿಯ ಮೇಲೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡವಳು. ಬ್ಯಾಟರಿ ಚೆನ್ನಾಗೇ ಇದೆಯಂತೆ.

"ಮಾತಾಡೋವಾಗ ಹೇಗೆ ಹಿಡೀತೀರ, ತೋರ್ಸಿ ಆಂಟಿ."

ತೋರಿಸಿದೆ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಕೆಳಗೆ, ಬಾಯಿಗೆ ಅಡ್ಡ. ಅವಳಿಗೆ ನಗು.

"ಇದರ ಆಂಟೆನಾ ಇರೋದೇ ಅಲ್ಲಿ. ಅದನ್ನೇ ಕತ್ತು ಹಿಚುಕಿದ ಹಾಗೆ ಹಿಡ್ಕೊಂಡಿದ್ದೀರಲ್ಲ. ಕೈ ಸಿಗ್ನಲ್ ತಿಂದುಬಿಡುತ್ತೆ. ಟವರ್‌ಗೆ ಕೇಳಿಸ್ತಿಲ್ಲ ಅಂತ ಫೋನು ಇನ್ನೂ ಜೋರಾಗಿ ಕೂಗುತ್ತೆ, ಅದಕ್ಕೇ ಬಿಸಿ. ಆಗ್ಲೂ ಕೇಳಿಸ್ಲಿಲ್ಲ ಅಂದ್ರೆ ಕಟ್."

"ಮತ್ತೆ ಎಲ್ರೂ ಕೈಯಲ್ಲೇ ತಾನೇ ಹಿಡಿಯೋದು?"

"ಟವರ್ ಹತ್ರ ಇದ್ರೆ ಗೊತ್ತಾಗಲ್ಲ. ನಿಮ್ಮ ಕೆಲಸ ಎಲ್ಲಿ?"

ನೆಲಮಾಳಿಗೆ ಅಂದೆ. ಸುತ್ತ ಕಬ್ಬಿಣದ ರ‍್ಯಾಕು.

"ಅಲ್ಲಿಗೆ ಬರೋದೇ ಒಂದಿಷ್ಟು. ಅದನ್ನೂ ನೀವು ಮುಚ್ಚಿಟ್ಟರೆ?"

ಮೇಜಿನ ಮೇಲಿಟ್ಟಾಗ ಸಿಗ್ನಲ್ ಮೂರು ಕಡ್ಡಿ. ನನ್ನ ಕೈಗೆ ಕೊಟ್ಟು, ಹಿಡೀರಿ, ಸಿಟ್ಟು ಬಂದಾಗ ಹೇಗೋ ಹಾಗೆ, ಅಂದಳು. ಸ್ವಲ್ಪ ಹೊತ್ತಿಗೆ ಒಂದೇ ಕಡ್ಡಿ. ಕೈ ಸಡಿಲ ಮಾಡಿದೆ, ಮತ್ತೆ ಏರಿತು.

ಹೊರಗೆ ಬಂದು ಅಂಗಡಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮೂವತ್ತು ವರ್ಷ ರಟ್ಟು ಒತ್ತಿದ ಕೈ ಇದು. ಮಾತು ಬಿಸಿಯಾದಷ್ಟೂ ಬಿಗಿ ಹಿಡಿದಿರುತ್ತೇನೆ. ಅಕ್ಕ ಫೋನ್ ಇಟ್ಟದ್ದೇ ಅಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆ ನಾನು. ಬೈದು ಪಟ್ಟನೆ ಫೋನ್ ಇಟ್ಟಳು ತಂಗಿ ಅಂತ ಅವಳು ಅಲ್ಲಿ ಅಂದುಕೊಂಡಿರುತ್ತಾಳೆ. ನೀನು ಬರಬಹುದಿತ್ತು ಅನ್ನುವುದಷ್ಟೇ ಅವಳ ಕಿವಿಗೆ ಹೋದದ್ದು. ಉಳಿದರ್ಧ ಮೂರು ವರ್ಷದಿಂದ ನನ್ನ ಬಾಯಲ್ಲೇ ಇದೆ. ನಾಚಿಕೆ ಆಗುತ್ತಿದೆ, ಬರೆಯಲಿಕ್ಕೂ.

ಮಾರ್ಚ್ 9

ಧೈರ್ಯ ಬರಲಿಲ್ಲ.

ಮಾರ್ಚ್ 10, ಸೋಮವಾರ. ಸಂಜೆ ಐದು

ರಜೆ ಹಾಕಿದೆ. ಮನೆಯ ಕಿಟಕಿ ಕಟ್ಟೆಯ ಮೇಲೆ ಫೋನ್ ಇಟ್ಟು, ಸ್ಪೀಕರ್ ಹಾಕಿ, ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಕೈಗೇ ದಿಕ್ಕು ತೋಚುತ್ತಿರಲಿಲ್ಲ.

"ಮೊನ್ನೆ ಯಾಕೆ ಫೋನ್ ಇಟ್ಟೆ?" ಅವಳೇ ಕೇಳಿದಳು ಮೊದಲು.

ನಾನಿಡಲಿಲ್ಲ ಅಕ್ಕ, ನೀನೂ ಇಟ್ಟಿಲ್ಲ ತಾನೆ ಅಂದೆ. ಇಲ್ಲ ಅಂದಳು. ಮುಂದೆ ಏನೋ ಹೇಳುತ್ತಿದ್ದಳು, ಧ್ವನಿ ತುಂಡು ತುಂಡು.

"ಕೈ ತೆಗಿ ಅಕ್ಕ."

"ಯಾವ ಕೈ?"

"ಬಾಯಿಗೆ ಅಡ್ಡ ಇಟ್ಟಿದ್ದೀಯಲ್ಲ, ಅದು."

"ನಿಂಗೆ ಹೇಗೆ ಗೊತ್ತು?"

"ಒಂದೇ ಅಪ್ಪನ ಮಕ್ಕಳಲ್ವಾ."

ನಕ್ಕಳು. ನಗುವಾಗ ಕೆಮ್ಮು. ಕೈ ತೆಗೆದ ಮೇಲೆ ಧ್ವನಿ ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟ. ಆಗ ಹೇಳಿದೆ. ಅಪ್ಪ ಕೊನೆಗೆ ನಿನ್ನ ಹೆಸರನ್ನೇ ಕರೆಯುತ್ತಿದ್ದರು. ಬರ್ತಾಳೆ ಅಂದೆ. 'ಅವಸರ ಮಾಡ್ಬೇಡ ಅನ್ನು ಅವಳಿಗೆ. ದಾರೀಲಿ ಹುಷಾರು' ಅಂದರು. ಬೇಜಾರು ಮಾಡಿಕೊಂಡಿರಲಿಲ್ಲ. ನಂಗೇ ಸಿಟ್ಟಿತ್ತು, ಅಪ್ಪನಿಗಲ್ಲ.

ತುಂಬ ಅತ್ತಳು. ನಾನೂ. ಆಮೇಲೆ ಗಂಟಲಿನ ವಿಷಯ ಅವಳೇ ತೆಗೆದಳು. "ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ಮೆಣಸಿನಕಾಯಿ. ಬುಧವಾರದಿಂದ ನಂದು ಬರೀ ಬಂಗಾರ." ನನ್ನನ್ನು ಹಾಗೆ ಕರೆಯುವವರು ಇನ್ಯಾರೂ ಉಳಿದಿಲ್ಲ. ಮೆಟ್ಟಿಲು, ಅಜ್ಜಿ, ಹಾಸ್ಟೆಲ್, ಎಲ್ಲ ಮಾತಾಡಿದೆವು. ಒಂದೂಮುಕ್ಕಾಲು ಗಂಟೆ. ಒಂದು ಸಲವೂ ಕಟ್ ಆಗಲಿಲ್ಲ. ರೆಕಾರ್ಡ್ ಮಾಡಬೇಕಿತ್ತು ಅಂತ ಈಗ ಹೊಳೆಯುತ್ತಿದೆ.

ಮಾರ್ಚ್ 12, ಬುಧವಾರ

ಅಕ್ಕನ ಮಗಳ ಮೆಸೇಜು. ಆಪರೇಷನ್ ಮುಗಿಯಿತು. ಗಡ್ಡೆ ತೆಗೆದರು. ಅಪಾಯವಿಲ್ಲ. ಧ್ವನಿ, ನೋಡಬೇಕು.

ಮಾರ್ಚ್ 29, ಶನಿವಾರ

ಧ್ವನಿ ಬಂದಿಲ್ಲ. ಬರುವ ಭರವಸೆ ಕಮ್ಮಿ ಅಂದರಂತೆ. ಅಕ್ಕನೇ ಟೈಪ್ ಮಾಡಿ ಕಳಿಸಿದ್ದಾಳೆ, ಕೆಳಗೆ "ಅಳ್ಬೇಡ" ಅಂತ ಬೇರೆ. ನಿಘಂಟಿನ ಮೂರನೇ ಸಂಪುಟ ಇವತ್ತು ಮುಗಿಯಿತು. ಅಷ್ಟೊಂದು ಮಾತು ಒಳಗಿರುವ ಪುಸ್ತಕ ಮುಚ್ಚಿಡಲು ಬೇಜಾರಾಯಿತು.

ಮಾರ್ಚ್ 30, ಭಾನುವಾರ. ಬೆಳಿಗ್ಗೆ ಹತ್ತು

ಸಾಬೂನು ಮುಗಿದಿದೆ, ತರಬೇಕು. ದಾರ, ಅಂಟಿನ ಬ್ರಷ್... ಫೋನು ಹೊಡೆದುಕೊಳ್ಳುತ್ತಿದೆ. ಅಕ್ಕ. ಮಾತು ಬಾರದವಳು ಕಾಲ್ ಯಾಕೆ ಮಾಡಿದಳು?

ಕಿಟಕಿ ಕಟ್ಟೆಯ ಮೇಲೆ ಇಟ್ಟೆ. ಸ್ಪೀಕರ್. ಕೈ ದೂರ.

ಉಫ್.

ಉಫ್.

ಇರು ಅಕ್ಕ, ಹೇಳ್ತೀನಿ, ಎಲ್ಲಾ ಹೇಳ್ತೀನಿ, ಪೆನ್ನು ಇಟ್ಟು